ದನಿ ಇಳಿಯದ ಮೆಷಿನ್ನು

ನನ್ನ ತಮ್ಮ ಡೂಪ್ಲಿಕೇಟ್ ಪಿಸ್ಟನ್ನಿನಿಂದ ಸತ್ತ ಎಂದು ನಮ್ಮ ಕಡೆಯವರು ಇವತ್ತಿಗೂ ಹೇಳುತ್ತಾರೆ. ಸುಳ್ಳು. ಪಿಸ್ಟನ್ನು ಚೆನ್ನಾಗಿಯೇ ಇತ್ತು. ಮರ ಕೊಯ್ಯುವ ಮೆಷಿನ್ನಿನ ದನಿ ಇಳಿಯಲಿ ಎಂದು ಅವನು ಕಾದ, ಅದು ಇಳಿಯಲಿಲ್ಲ, ಮರ ಮೇಲೆ ಬಂದುಬಿಟ್ಟಿತು. ಆಗಿದ್ದು ಇಷ್ಟೇ. ಮಾತಾಡುವವರು ಯಾರೂ ಆ ಹೊತ್ತು ಅಲ್ಲಿರಲಿಲ್ಲ. ನಾನಿದ್ದೆ. ನಾಳೆ ಮೊಮ್ಮಕ್ಕಳು ಬೇರೆ ಯಾರ ಬಾಯಿಂದಲೋ ಬೇರೆ ಏನೋ ಕೇಳುವುದಕ್ಕಿಂತ ನಾನೇ ಬರೆದಿಡುವುದು ಒಳ್ಳೆಯದು.

ನಮ್ಮ ಯಜಮಾನರ ಕೆಲಸ ಮರ ಕಡಿಯುವುದು. ಕಾಡಿನ ಮರವಲ್ಲ, ಊರಿನ ಮರ. ಹಲಸೂರು, ಇಂದಿರಾನಗರ, ಪುಲಿಕೇಶಿನಗರದ ಮನೆಗಳ ಕಾಂಪೌಂಡಿನಲ್ಲಿ ಯಾರೋ ಯಾವ ಕಾಲದಲ್ಲೋ ನೆಟ್ಟಿದ್ದ ಮರಗಳು. ನೀರಿನ ಸಂಪಿನೊಳಕ್ಕೆ ಬೇರು ನುಗ್ಗಿಸಿದ ಮರ, ಕರೆಂಟ್ ತಂತಿಗೆ ತಾಗುವ ಮರ, ಹಳೇ ಮನೆ ಕೆಡವಿ ಮೂರು ಅಂತಸ್ತು ಕಟ್ಟುವವರಿಗೆ ಅಡ್ಡ ನಿಂತ ಮರ. ನಾವಿದ್ದದ್ದು ಕೃಷ್ಣರಾಜಪುರದ ಆಚೆ, ಹೊಲಗಳೆಲ್ಲ ಫ್ಯಾಕ್ಟರಿಗಳಿಗೆ ಹೋಗಿ ಮನೆಗಳು ಮಾತ್ರ ಉಳಿದಿದ್ದ ಒಂದು ಹಳ್ಳಿ. ಅಲ್ಲಿಂದ ಬೆಳಗ್ಗೆ ಮೂವರೂ ಹೊರಡುತ್ತಿದ್ದೆವು: ಯಜಮಾನರು, ನನ್ನ ತಮ್ಮ, ನಾನು.

ತಮ್ಮ ನನ್ನ ಜೊತೆಗೇ ಆ ಮನೆಗೆ ಬಂದವನು. ನಮ್ಮಮ್ಮ ಅವನು ಚಿಕ್ಕವನಿದ್ದಾಗಲೇ ಹೋದಳು. ನನ್ನ ಮದುವೆಯಾದಾಗ ಅವನನ್ನು ಬಿಡುವುದಕ್ಕೆ ಬೇರೆ ಮನೆ ಇರಲಿಲ್ಲ. ಮದುಮಗಳ ಜೊತೆ ಪೆಟ್ಟಿಗೆ ಬರುತ್ತದೆ, ನನ್ನ ಜೊತೆ ಇವನು ಬಂದ. ನಮ್ಮತ್ತೆ ಮೊದಲು ಮುಖ ಊದಿಸಿಕೊಂಡರು, ಆಮೇಲೆ ಅವರೇ ಅವನ ತಟ್ಟೆಗೆ ಎರಡನೇ ಮುದ್ದೆ ಹಾಕುವುದಕ್ಕೆ ಶುರು ಮಾಡಿದರು. ಅವನ ಎಡಗಣ್ಣಿಗೆ ಹೂ ಬಿದ್ದಿತ್ತು, ಅದರಲ್ಲಿ ಬೆಳಕು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಹೆಣ್ಣು ನೋಡಲು ಹೋದ ಕಡೆಯೆಲ್ಲ ಅದೇ ಮಾತಾಯಿತು. ಕೊನೆಗೆ ಅವನೇ, "ಬಿಡಕ್ಕ, ಬಸ್ ಚಾರ್ಜು ದಂಡ" ಎಂದು ನಿಲ್ಲಿಸಿಬಿಟ್ಟ. ನಮ್ಮ ಮನೆಯಲ್ಲೇ ಉಳಿದ. ನನ್ನ ಮಗಳನ್ನು ಹೆಗಲ ಮೇಲೆ ಹೊತ್ತು ಬೆಳೆಸಿದವನು ಅವನೇ. ಯಜಮಾನರಿಗೆ ಬಾಮೈದ ಅನ್ನುವುದಕ್ಕಿಂತ ಬಲಗೈ ಆಗಿದ್ದ.

ಮೊದಲು ಕೊಡಲಿ, ಗರಗಸದಲ್ಲೇ ಕೆಲಸ ನಡೆಯುತ್ತಿತ್ತು. ತೊಂಬತ್ತನೇ ಇಸವಿ ಕಳೆದು ಸ್ವಲ್ಪ ದಿನಕ್ಕೆ ಯಜಮಾನರು ಶಿವಾಜಿನಗರದ ಗುಜರಿಯಿಂದ ಒಂದು ಮರ ಕೊಯ್ಯುವ ಮೆಷಿನ್ನು ತಂದರು. ಎಲ್ಲೋ ಕಾಫಿ ತೋಟದಲ್ಲಿ ದುಡಿದು ದುಡಿದು ಬಂದದ್ದು. ಬಣ್ಣ ಹೋಗಿತ್ತು, ಹಿಡಿಗೆ ಯಾರೋ ಸೈಕಲ್ ಟ್ಯೂಬು ಸುತ್ತಿದ್ದರು. ಪೆಟ್ರೋಲಿಗೆ ಎಣ್ಣೆ ಬೆರೆಸಿ ಹಾಕಿ, ದಾರ ಎಳೆದು ಎಬ್ಬಿಸಬೇಕು. ಎದ್ದರೆ ಬೀದಿ ತುಂಬ ಹೊಗೆ.

"ಭಾವ, ನಿಮ್ಗೂ ನಿಮ್ ಮೆಷಿನ್ನಿಗೂ ಒಂದೇ ಕಾಯ್ಲೆ," ಎನ್ನುತ್ತಿದ್ದ ತಮ್ಮ. "ಬೆಳಗ್ಗೆ ಎಬ್ಸಿದ್ರೆ ಮಧ್ಯಾಹ್ನಕ್ಕೆ ಏಳ್ತೀರಾ."

"ಬಾಯಿ ಮುಚ್ಕೊಂಡು ಹಗ್ಗ ಬಿಚ್ಚೋ," ಎನ್ನುತ್ತಿದ್ದರು ಇವರು.

ಹಗ್ಗ ತಮ್ಮನದು. ಅದನ್ನು ಸರಿಯಾಗಿ ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ.

ಮನೆಗಳ ನಡುವೆ ಮರ ಬೀಳಿಸುವುದೆಂದರೆ ಮರ ತನಗೆ ಬೇಕಾದ ಕಡೆ ಬೀಳಬಾರದು, ನಮಗೆ ಬೇಕಾದ ಕಡೆ ಬೀಳಬೇಕು. ತಮ್ಮ ಮರ ಹತ್ತಿ ಮೇಲೆ ಹಗ್ಗ ಕಟ್ಟಿ ಇಳಿಯುತ್ತಿದ್ದ. ಆಮೇಲೆ ಮರ ಬೀಳಬೇಕಾದ ದಿಕ್ಕಿಗೆ ಹೋಗಿ, ಹಗ್ಗವನ್ನು ಸೊಂಟಕ್ಕೆ ಎರಡು ಸುತ್ತು ಸುತ್ತಿಕೊಂಡು, ಚಪ್ಪಲಿ ಬಿಟ್ಟು ಬರಿಗಾಲಲ್ಲಿ ನೆಲ ಒತ್ತಿ ಹಿಂದಕ್ಕೆ ವಾಲಿ ನಿಲ್ಲುತ್ತಿದ್ದ. ಯಜಮಾನರು ಬುಡದಲ್ಲಿ ಮುಂದಿನಿಂದ, ಬೀಳುವ ಕಡೆ, ಕಚ್ಚು ಹಾಕಿ ಬಾಯಿ ತೆಗೆದು, ಆಮೇಲೆ ಹಿಂದಿನಿಂದ ಕೊಯ್ಯುತ್ತಾ ಬರುತ್ತಿದ್ದರು. ಇವರು ಒಂದು ಕಡೆ, ಅವನು ಇನ್ನೊಂದು ಕಡೆ. ನಡುವೆ ಎಷ್ಟೋ ಸಲ ಮನೆ, ಗೋಡೆ, ಶೆಡ್ಡು. ಒಬ್ಬರಿಗೊಬ್ಬರು ಕಾಣುವುದಿಲ್ಲ. ಆ ಮೆಷಿನ್ನಿನ ಗಲಾಟೆಯಲ್ಲಿ ಕೂಗಿದರೆ ಕೇಳುವುದೂ ಇಲ್ಲ.

ಆದರೆ ಮೆಷಿನ್ನು ಮುದಿಯಾಗಿತ್ತಲ್ಲ. ಮರದ ತಿರುಳಿಗೆ ಹೋದಾಗ ಅದಕ್ಕೆ ತಡೆಯಲಾಗುತ್ತಿರಲಿಲ್ಲ. ಅಲ್ಲಿಯವರೆಗೂ ಕಿರುಚುತ್ತಿದ್ದದ್ದು ಏದುಸಿರು ಬಿಡುತ್ತಾ, ದನಿ ಇಳಿಸುತ್ತಾ, ಮುಲುಗುವುದಕ್ಕೆ ಶುರು ಮಾಡುತ್ತಿತ್ತು. ಮುಲುಗು ಕೇಳಿಸಿತೆಂದರೆ ಇನ್ನು ಸ್ವಲ್ಪವೇ ಉಳಿದಿದೆ ಎಂದು ಅರ್ಥ. ತಮ್ಮ ಆಗ ಒಂದು ಸಲ ಜೋರಾಗಿ ಎಳೆದು, ಸೊಂಟದ ಸುತ್ತು ಬಿಚ್ಚಿ, ಹಗ್ಗ ಎಸೆದು ಪಕ್ಕಕ್ಕೆ ಓಡುತ್ತಿದ್ದ. ಅವನು ಓಡಿ ನಿಂತು ಉಸಿರು ಬಿಡುವಷ್ಟರಲ್ಲಿ ಮರ ಬರುತ್ತಿತ್ತು.

ಇದನ್ನು ಯಾರೂ ಕೂತು ಮಾತಾಡಿ ಮಾಡಿದ್ದಲ್ಲ. ಒಂದು ಮರದಲ್ಲಿ ಹಾಗಾಯಿತು, ಎರಡನೇ ಮರದಲ್ಲಿ ಹಾಗಾಯಿತು, ಆಮೇಲೆ ಅದೇ ಪದ್ಧತಿಯಾಯಿತು. ನಾನು ರಸ್ತೆಯಲ್ಲಿ ನಿಂತು ಹೋಗಿಬರುವವರನ್ನು ತಡೆಯುತ್ತಿದ್ದೆ, ಮರ ಬಿದ್ದ ಮೇಲೆ ರೆಂಬೆ ಸವರಿ ಸೌದೆ ಕಟ್ಟುತ್ತಿದ್ದೆ. ನಾನೂ ಆ ಮುಲುಗನ್ನೇ ಕೇಳಿಕೊಂಡು ಜನರನ್ನು ನಿಲ್ಲಿಸುತ್ತಿದ್ದೆ. ಬೇರೆ ಮರ ಕಡಿಯುವವರು ಸೀಟಿ ಊದುತ್ತಿದ್ದರು, ಬಾವುಟ ಬೀಸುತ್ತಿದ್ದರು. ನಮಗೆ ಅದೆಲ್ಲ ಬೇಕಾಗಿರಲಿಲ್ಲ. ಹತ್ತು ವರ್ಷದ ಮೇಲೆ ಹಾಗೇ ನಡೆಯಿತು. ಒಂದು ಹೂಕುಂಡ ಒಡೆಯಲಿಲ್ಲ.

ಎರಡು ಸಾವಿರದ ಇಸವಿ ಕಳೆದ ಮೇಲೆ ಮೆಷಿನ್ನು ತೀರಾ ಕೈಕೊಟ್ಟಿತು. ದಾರ ಎಳೆದು ಎಳೆದು ಯಜಮಾನರ ತೋಳು ಊದಿಕೊಳ್ಳುತ್ತಿತ್ತು. ಬಿಸಿಯಾದರೆ ನಿಂತುಹೋಗುತ್ತಿತ್ತು, ನಿಂತರೆ ತಣ್ಣಗಾಗುವ ತನಕ ಮಾತಿಲ್ಲ. ರಸ್ತೆ ಅಗಲ ಮಾಡುವ ಕೆಲಸ ಎಲ್ಲ ಕಡೆ ನಡೆಯುತ್ತಿತ್ತು. ಕಂಟ್ರಾಕ್ಟರುಗಳು ಇವರ ಮೆಷಿನ್ನು ನೋಡಿ, "ಇದನ್ನ ಮ್ಯೂಸಿಯಮ್ಮಿಗೆ ಕೊಡಿ" ಎಂದು ನಕ್ಕು ಬೇರೆಯವರನ್ನು ಕರೆದರು. ಹೊಸದನ್ನು ಕೊಳ್ಳುವ ಮಾತು ನಮ್ಮ ಮನೆಯಲ್ಲಿ ಯಾರೂ ಎತ್ತಲಿಲ್ಲ. ಆಗದ ಮಾತು ಎತ್ತಿ ಏನು ಪ್ರಯೋಜನ. ಒಂದು ದಿನ ತಮ್ಮನೇ ಹೇಳಿದ, "ಭಾವ, ಶಿವಾಜಿನಗರದಲ್ಲಿ ಒಬ್ಬ ಇದ್ದಾನಂತೆ. ಇಂಥ ಹಳೇ ಮೆಷಿನ್ನಿಗೆ ಬೇರೆ ಕಂಪನಿ ಸಾಮಾನು ಹಾಕಿ ಕೂರಿಸ್ತಾನಂತೆ. ತೋರಿಸ್ಕೊಂಡ್ ಬರೋಣ."

ಮೂವರೂ ಹೋದೆವು. ಪುಲಿಕೇಶಿನಗರದ ಒಂದು ಬೇಕರಿಗೆ ನಾನು ಸೌದೆ ಹಾಕುತ್ತಿದ್ದೆ, ಆ ಕಡೆ ಕೆಲಸವೂ ಇತ್ತು. ಮೆಕ್ಯಾನಿಕ್ಕಿನ ಅಂಗಡಿ ಎಂದರೆ ಒಂದು ಬಾಗಿಲಿನಷ್ಟು ಅಗಲ. ಒಳಗೆ ಸ್ಕೂಟರ್ ಇಂಜಿನ್ನು, ಔಷಧಿ ಹೊಡೆಯುವ ಪಂಪು, ಜನರೇಟರು. ಅವನು ಬಾಗಿಲಲ್ಲೇ ಕೂತು ಕೆಲಸ ಮಾಡುತ್ತಿದ್ದ. ನನ್ನ ತಮ್ಮನ ವಯಸ್ಸೇ ಇರಬೇಕು, ಗಡ್ಡಕ್ಕೆ ಮೆಹಂದಿ ಹಾಕಿದ್ದ.

ಮೆಷಿನ್ನಿನ ದಾರದ ಹಿಡಿ ಹಿಡಿದುಕೊಂಡು ಮೆಷಿನ್ನನ್ನು ಕೈಯಿಂದ ಬಿಟ್ಟ. ಅದು ಬಾವಿಗೆ ಬಿಟ್ಟ ಬಿಂದಿಗೆಯ ಹಾಗೆ ಸರಸರ ಕೆಳಗಿಳಿಯಿತು.

"ನೋಡಿದ್ರಾ ಅಣ್ಣ. ಎದೇಲಿ ಉಸಿರೇ ಇಲ್ಲ. ಉಸಿರಿದ್ರೆ ಇದು ಇಳಿಯಲ್ಲ, ದಾರದಲ್ಲೇ ನೇತಾಡುತ್ತೆ." ಬಿಚ್ಚಿ ತೋರಿಸಿದ. ಪಿಸ್ಟನ್ನು ಓಡಾಡುವ ಕೊಳವೆಯ ಒಳಗೆ ಉಗುರಲ್ಲಿ ಪರಚಿದ ಹಾಗೆ ಗೀರುಗಳು.

"ಕಂಪನಿ ಪಾರ್ಟು ಸಿಗಲ್ವಾ?" ಎಂದರು ಯಜಮಾನರು.

"ಕಂಪನಿಯವರೇ ಇದನ್ನ ಮರ್ತಿದ್ದಾರೆ. ಆದ್ರೆ ಇದಕ್ಕೆ ಸೆಟ್ ಆಗೋದು ಬೇರೆಯವರ್ದು ಬರುತ್ತೆ. ಬೋರು ಅಂದ್ರೆ ಈ ಕೊಳವೆ, ಪಿಸ್ಟನ್ನು, ರಿಂಗು, ಎಲ್ಲ ಒಟ್ಟಿಗೆ. ಬೋಲ್ಟಿನ ತೂತು ಕೂಡ ಹಿಂಗೇ ಕೂರುತ್ತೆ. ಒಂದು ಸೈಜು ದೊಡ್ಡದು."

"ದೊಡ್ಡದು ಹಾಕಿದ್ರೆ ಒಡ್ಕೊಳಲ್ವಾ?" ಎಂದ ತಮ್ಮ.

"ಅರೇ, ಇಲ್ಲ ಭಾಯ್. ಕಾರ್ಬುರೇಟರೂ ಅದಕ್ಕೆ ತಕ್ಕದ್ದು ಹಾಕ್ತೀನಿ. ಮುದುಕನ ಮೈಗೆ ಹುಡುಗನ ಎದೆ."

"ಮುದುಕನ ಮೈ ತಡಿಬೇಕಲ್ಲಪ್ಪ," ಎಂದೆ ನಾನು.

"ತಡಿಯುತ್ತೆ ಅಮ್ಮ. ಹಳೇ ಕಾಲದ್ದು, ಮೂಳೆ ಗಟ್ಟಿ. ನಿಮ್ ಥರ."

"ನನ್ ಮೂಳೆ ವಿಷ್ಯ ಬಿಡು. ಕೆಲ್ಸ ನೋಡು."

ತಮ್ಮ ನಕ್ಕ. ಅವತ್ತು ಅವನು ಖುಷಿಯಾಗಿದ್ದ. ಪಾರ್ಟು ಬಂದಿದೆಯಾ ಎಂದು ಮತ್ತೆ ಮತ್ತೆ ಕೇಳಲು ಹೋದವನೂ ಅವನೇ, ಬಂದ ಮೇಲೆ ಮೆಕ್ಯಾನಿಕ್ಕಿನ ಪಕ್ಕ ಕುಕ್ಕರಗಾಲಲ್ಲಿ ಕೂತು ಕೂರಿಸಿಕೊಂಡು ಬಂದವನೂ ಅವನೇ. ಮನೆಗೆ ತಂದವನು ಅಂಗಳದಲ್ಲಿ ನಿಂತು ದಾರ ಹಿಡಿದು ಮೆಷಿನ್ನನ್ನು ಬಿಟ್ಟು ತೋರಿಸಿದ. ಅದು ಇಳಿಯಲಿಲ್ಲ. ಅವನ ಕೈಯಿಂದ ನೇತಾಡುತ್ತಾ ನಿಂತಿತು. ಅಕ್ಕಪಕ್ಕದವರನ್ನೆಲ್ಲ ಕರೆದು ತೋರಿಸಿದ.

ಮೊದಮೊದಲು ಜೋರು ಮಾಡಬೇಡಿ, ಎಣ್ಣೆ ಒಂದು ಚೂರು ಜಾಸ್ತಿ ಬೆರೆಸಿ ಎಂದು ಮೆಕ್ಯಾನಿಕ್ಕು ಹೇಳಿದ್ದ. ಯಜಮಾನರು ಹಾಗೇ ಮಾಡಿದರು. ಅಂಗಳದಲ್ಲಿ ಬಿದ್ದಿದ್ದ ಹೊಂಗೆ ದಿಮ್ಮಿಗಳನ್ನು ಮೆತ್ತಗೆ ಕೊಯ್ದು ಕೊಯ್ದು ಮೆಷಿನ್ನನ್ನು ಪಳಗಿಸಿದರು. ಆಮೇಲೊಂದು ದಿನ ಪೂರಾ ಜೋರು ಕೊಟ್ಟರು. ದಪ್ಪ ದಿಮ್ಮಿ ಮುದ್ದೆ ಕತ್ತರಿಸಿದ ಹಾಗೆ ಎರಡಾಯಿತು. ತಮ್ಮ ಜಗಲಿ ಮೇಲೆ ಕೂತು ನೋಡುತ್ತಿದ್ದ.

"ಅಕ್ಕ, ಇದು ಈಗ ಮುಲುಗೋದೇ ಇಲ್ಲ ನೋಡು."

"ಮುಲುಗೋದು ನಿಲ್ಲಲಿ ಅಂತ ತಾನೇ ಸರಿ ಮಾಡ್ಸಿದ್ದು," ಎಂದರು ಯಜಮಾನರು.

ಮಾತು ಅಲ್ಲಿಗೆ ಮುಗಿಯಿತು. ಮೂರು ಜನರಲ್ಲಿ ಒಬ್ಬರ ತಲೆಗೂ ಅದರ ಮುಂದಿನದು ಹೋಗಲಿಲ್ಲ. ನೋವು ಹೋದ ಕಾಲನ್ನು ಯಾರೂ ಅನುಮಾನದಿಂದ ನೋಡುವುದಿಲ್ಲ.

ಹೊಸ ಪಿಸ್ಟನ್ನಿನಲ್ಲಿ ಮೊದಲು ಬಿದ್ದ ಮರಗಳು ದೊಡ್ಡನೆಕ್ಕುಂದಿ ಕಡೆ, ಒಂದು ಫ್ಯಾಕ್ಟರಿಯ ಬಯಲಿನಲ್ಲಿ. ಬಯಲೆಂದರೆ ಬಯಲು, ಒಬ್ಬರಿಗೊಬ್ಬರು ಚೆನ್ನಾಗಿ ಕಾಣುತ್ತಿದ್ದರು. ಮರ ಅಲುಗಿದ್ದನ್ನು ನೋಡಿಕೊಂಡೇ ತಮ್ಮ ಹಗ್ಗ ಬಿಟ್ಟ. ಒಂದು ಕಣ್ಣೇ ಸಾಕಾಯಿತು. ಸಂಜೆಯೊಳಗೆ ಕೆಲಸ ಮುಗಿಯಿತು, ಬರುವಾಗ ಇಬ್ಬರೂ ಬಸ್ಸಿನಲ್ಲಿ ಹುಡುಗರ ಹಾಗೆ ಮಾತಾಡಿಕೊಂಡು ಬಂದರು. ಇನ್ನು ಕಂಟ್ರಾಕ್ಟರುಗಳು ಹುಡುಕಿಕೊಂಡು ಬರುತ್ತಾರೆ ಎಂದರು ಇವರು. ಬಂದರೆ ಬೇಗ ಎದ್ದೇಳಿ ಎಂದ ಅವನು.

ಅದಾದ ಮೇಲೆ ಇಂದಿರಾನಗರದ ಮನೆ.

ಹಿಂದಿನ ಕಾಂಪೌಂಡಿನಲ್ಲಿ ಒಂದು ಸಿಲ್ವರ್ ಓಕ್ ಮರ. ಎತ್ತರ, ನೇರ, ಆದರೆ ಸ್ವಲ್ಪ ಮನೆ ಕಡೆಗೇ ವಾಲಿತ್ತು. ಮನೆಯ ಮೇಲೆ ಬೀಳಿಸುವ ಹಾಗಿಲ್ಲ. ಗೋಡೆಯಾಚೆ ಒಂದು ಖಾಲಿ ಸೈಟಿತ್ತು, ಅಲ್ಲಿಗೆ ಎಳೆದು ಬೀಳಿಸಬೇಕು. ಗೋಡೆ ಆಳೆತ್ತರಕ್ಕಿಂತ ಮೇಲಿತ್ತು. ಸೈಟು ಚಿಕ್ಕದು, ಅದರ ಹಿಂದೆ ಇನ್ನೊಂದು ಮನೆಯ ಗೋಡೆ. ಮರದ ಉದ್ದಕ್ಕಿಂತ ದೂರ ಹೋಗಿ ನಿಲ್ಲಲು ಜಾಗವಿರಲಿಲ್ಲ. ಅಂಥ ಜಾಗಗಳಲ್ಲಿ ಅವರು ಎಷ್ಟೋ ಸಲ ಮಾಡಿದ್ದರು. ಮುಲುಗು ಕೇಳಿಸಿದೊಡನೆ ತಮ್ಮ ಪಕ್ಕಕ್ಕೆ ಓಡಬೇಕು, ಅಷ್ಟೇ.

ತಮ್ಮ ಮರ ಹತ್ತಿ ಹಗ್ಗ ಕಟ್ಟಿ ಇಳಿದ. ಹಗ್ಗದ ತುದಿ ಗೋಡೆಯಾಚೆ ಎಸೆದು, ತಾನು ರಸ್ತೆ ಕಡೆಯಿಂದ ಬಳಸಿಕೊಂಡು ಸೈಟಿಗೆ ಹೋದ. ಹೋಗುವಾಗ ನನ್ನನ್ನು ದಾಟಿಕೊಂಡು ಹೋದ.

"ಅಕ್ಕ, ಬುತ್ತಿಗೆ ಏನು?"

"ಹುರುಳಿಕಾಳು."

"ನಿನ್ನೇದಾ?"

"ನಿನ್ನೇದಾದ್ರೆ ತಿನ್ನಲ್ವಾ?"

"ತಿಂತೀನಿ. ಕೇಳ್ದೆ."

ಅದೇ ಕೊನೆಯ ಮಾತು. ಜನ ಕೊನೆಯ ಮಾತು ಎಂದರೆ ಏನೋ ಇರುತ್ತದೆ ಎಂದುಕೊಳ್ಳುತ್ತಾರೆ. ನಮಗೆ ಹುರುಳಿಕಾಳು ಇತ್ತು.

ಮೆಷಿನ್ನು ಶುರುವಾಯಿತು. ಮುಂದಿನ ಬಾಯಿ ತೆಗೆದದ್ದು ಕೇಳಿಸಿತು, ಸ್ವಲ್ಪ ನಿಂತಿತು, ಹಿಂದಿನಿಂದ ಕೊಯ್ಯಲು ಹಿಡಿದರು. ನಾನು ರಸ್ತೆಯ ತಿರುವಿನಲ್ಲಿ ನಿಂತಿದ್ದೆ. ಅಲ್ಲಿಂದ ಸೈಟಿನ ಒಂದು ಮೂಲೆ ಕಾಣುತ್ತಿತ್ತು, ತಮ್ಮ ಕಾಣುತ್ತಿರಲಿಲ್ಲ. ಮೆಷಿನ್ನು ಒಂದೇ ದನಿಯಲ್ಲಿ ಕಿರುಚುತ್ತಿತ್ತು. ಒಬ್ಬ ತರಕಾರಿ ಗಾಡಿಯವನು ಬಂದ. ಇನ್ನೂ ದನಿ ಇಳಿದಿಲ್ಲ, ಹೊತ್ತಿದೆ ಎಂದು, "ಹೋಗಪ್ಪ, ಬೇಗ ಹೋಗು" ಎಂದೆ. ಗಾಡಿ ನನ್ನನ್ನು ದಾಟಿ ಮುಂದೆ ಹೋಗುತ್ತಿದ್ದ ಹಾಗೇ ಮರ ಮುರಿಯುವ ಸದ್ದು ಬಂತು. ಮೆಷಿನ್ನು ಇನ್ನೂ ಕಿರುಚುತ್ತಲೇ ಇತ್ತು.

ಅದಕ್ಕೇ ನಾನು ಹೇಳುವುದು. ಹತ್ತು ವರ್ಷ ಅದರ ದನಿ ಕೇಳಿಕೊಂಡು ಬೀದಿ ಕಾದ ನಾನು ಗಾಡಿ ಬಿಟ್ಟೆ. ಗೋಡೆಯಾಚೆ ಇದ್ದ ಅವನೂ ಅದನ್ನೇ ಕಾಯುತ್ತಿದ್ದ. ಹಳೇ ಮೆಷಿನ್ನಾದರೆ ಏದುಸಿರು ಬಿಟ್ಟು ಮುಲುಗಿ ಮುಲುಗಿ ಹೇಳುತ್ತಿತ್ತು. ಹೊಸ ಎದೆಗೆ ತಿರುಳೂ ಒಂದೇ, ತೊಗಟೆಯೂ ಒಂದೇ.

ನಾನು ಹೋದಾಗ ಅವನು ಕೊಂಬೆಗಳ ಕೆಳಗೆ ಮಗ್ಗುಲಾಗಿ ಬಿದ್ದಿದ್ದ. ಸೊಂಟದ ಒಂದು ಸುತ್ತು ಬಿಚ್ಚಿದ್ದ, ಇನ್ನೊಂದು ಹಾಗೇ ಇತ್ತು. ಅಂದರೆ ಮರ ಬರುವುದನ್ನು ನೋಡಿದ್ದ. ಕೈ ಶುರು ಮಾಡಿತ್ತು, ಮುಗಿಸಲು ಬಿಡುವಿರಲಿಲ್ಲ. ತಲೆಗೆ ಪೆಟ್ಟು. ಹೆಚ್ಚು ಬರೆಯುವುದಿಲ್ಲ. ಗೋಡೆಯ ಆ ಕಡೆಯಿಂದ ಯಜಮಾನರು ಮೆಷಿನ್ನು ನಿಲ್ಲಿಸಿ, "ಹೆಂಗ್ ಬಿತ್ತೋ?" ಎಂದು ಕೂಗಿದರು. ಚೆನ್ನಾಗಿ ಬಿತ್ತಾ ಎಂದು ಕೇಳುತ್ತಿದ್ದರು. ಪ್ರತಿ ಮರಕ್ಕೂ ಹಾಗೇ ಕೇಳುತ್ತಿದ್ದರು, ಅವನು ಏನಾದರೂ ಕಿಚಾಯಿಸುತ್ತಿದ್ದ. ಇನ್ನೊಂದು ಸಲ ಕೇಳಿದರು. ಆಮೇಲೆ ಗೋಡೆ ಸುತ್ತಿಕೊಂಡು ಓಡಿ ಬರುವ ಹೆಜ್ಜೆ ಕೇಳಿಸಿತು.

ಆಟೋದಲ್ಲಿ ಅವನ ತಲೆ ನನ್ನ ತೊಡೆಯ ಮೇಲಿತ್ತು. ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿದ್ದ, ಅದು ನನಗೆ ಗೊತ್ತಾಗಿತ್ತು. ಇವರಿಗೆ ಹೇಳಲಿಲ್ಲ. ಅವರು ಡ್ರೈವರನ ಪಕ್ಕ ಒರಗಿ ಕೂತು ಸಿಗ್ನಲ್ಲಿನಲ್ಲಿ ಎಲ್ಲರನ್ನೂ ಕೈ ಮುಗಿದು ಸರಿಸುತ್ತಿದ್ದರು. ಸರಿಸಲಿ ಎಂದು ಬಿಟ್ಟೆ.

ಪೊಲೀಸಿನವರು ಬಂದರು, ಮೆಷಿನ್ನು ತೆಗೆದುಕೊಂಡು ಹೋದರು, ಕೇಳುವುದೆಲ್ಲ ಕೇಳಿದರು. ಮಾರನೇ ದಿನ ಹೆಣ ಕೈಗೆ ಬಂತು. ಸಂಜೆ ಊರ ಕೆರೆಯ ಹಿಂದೆ ಮಣ್ಣು ಮಾಡಿದೆವು. ಮದುವೆಯಾಗದವನು, ಮಕ್ಕಳಿಲ್ಲದವನು. ಯಜಮಾನರೇ ಮುಂದೆ ನಿಂತು ಮಾಡಿದರು. ನನ್ನ ಮಗಳು ತನ್ನ ಕೈಗೂಸನ್ನು ಎತ್ತಿಕೊಂಡು ಬಂದಿದ್ದಳು. ಅಳುವುದನ್ನು ಅವಳು ಎಲ್ಲರ ಪಾಲಿನದೂ ಅತ್ತಳು.

ಮಣ್ಣಿಂದ ಬಂದು ಕಾಲು ತೊಳೆದು ಕೂತಿದ್ದಾಗ ಆ ಮೆಕ್ಯಾನಿಕ್ಕು ಬಂದ. ಯಾರು ಹೇಳಿದರೋ ಏನೋ. ತಲೆಗೆ ಕರ್ಚೀಫು ಕಟ್ಟಿಕೊಂಡು ಬೇಲಿಯ ಹತ್ತಿರವೇ ನಿಂತ. ಅಲ್ಲಿಯವರೆಗೆ ಸುಮ್ಮನೆ ಬೀಡಿ ಸೇದುತ್ತಿದ್ದ ನಮ್ಮ ಯಜಮಾನರ ದೊಡ್ಡಪ್ಪನ ಮಗನಿಗೆ ಮೈಮೇಲೆ ಬಂದ ಹಾಗಾಯಿತು.

"ಇವ್ನೇ ಅಲ್ವಾ ಡೂಪ್ಲಿಕೇಟ್ ಹಾಕಿದ್ದು? ಇವ್ನ ಪಿಸ್ಟನ್ನೇ ಅಲ್ವಾ ಕೊಂದಿದ್ದು?" ಎಂದು ಎದ್ದು ಹೋಗಿ ಅವನ ಅಂಗಿ ಹಿಡಿದ. ಇನ್ನಿಬ್ಬರು ಎದ್ದರು. ಮೆಕ್ಯಾನಿಕ್ಕು ಕೈ ಎತ್ತಲೂ ಇಲ್ಲ, ಓಡಲೂ ಇಲ್ಲ. ನಾನು ಯಜಮಾನರ ಮುಖ ನೋಡಿದೆ. ಅವರು ಹೌದೆನ್ನುವ ಹಾಗೆ ತಲೆ ಆಡಿಸುತ್ತಿದ್ದರು. ಯಾರನ್ನಾದರೂ ಹಿಡಿದುಕೊಳ್ಳಬೇಕಾಗಿತ್ತು ಅವರಿಗೆ. ಅದು ನನಗೆ ಅರ್ಥವಾಗುತ್ತದೆ. ಆದರೂ ಎದ್ದೆ.

"ಅಂಗಿ ಬಿಡು," ಎಂದೆ.

"ಅತ್ತಿಗೆ, ನಿಮಗೆ ಗೊತ್ತಾಗಲ್ಲ..."

"ನನ್ ತಮ್ಮ ಸತ್ತಿರೋದು. ನಿನ್ ತಮ್ಮನಲ್ಲ. ಬಿಡು." ಬಿಟ್ಟ. ನಾನು ಯಜಮಾನರ ಕಡೆ ತಿರುಗಿದೆ. "ರೀ, ಮೆಷಿನ್ನು ನಡುವೆ ನಿಂತಿತ್ತಾ?"

ಅವರು ಮೆಕ್ಯಾನಿಕ್ಕನ್ನೇ ನೋಡುತ್ತಿದ್ದರು.

"ಕೇಳ್ತಿದೀನಿ. ನಿಂತಿತ್ತಾ?"

"ಇಲ್ಲ."

"ಚೈನು ಕಿತ್ಕೊಂಡಿತ್ತಾ?"

"ಇಲ್ಲ."

"ಹೆಂಗ್ ಕೊಯ್ತು?"

"ಚೆನ್ನಾಗಿ ಕೊಯ್ತು ಕಣೇ. ಅಷ್ಟು ಚೆನ್ನಾಗಿ ಯಾವತ್ತೂ ಕೊಯ್ದಿರ್ಲಿಲ್ಲ." ಹೇಳಿ ಮುಖ ಮುಚ್ಚಿಕೊಂಡರು. ಆಗಲೇ ಅವರಿಗೂ ಅದು ತಿಳಿದದ್ದು ಎಂದು ಕಾಣುತ್ತದೆ. ಅಲ್ಲಿಯವರೆಗೆ ತಮ್ಮ ಯಾಕೆ ಓಡಲಿಲ್ಲ, ಯಾಕೆ ಓಡಲಿಲ್ಲ ಎಂದೇ ಕೇಳುತ್ತಿದ್ದರು. ಅದಾದ ಮೇಲೆ ಒಂದು ಸಲವೂ ಕೇಳಲಿಲ್ಲ.

ಮೆಕ್ಯಾನಿಕ್ಕಿಗೆ ಚಾಪೆ ಹಾಕಿಸಿದೆ. ಅವನು ಕೂರಲಿಲ್ಲ. "ನನ್ ಪಕ್ಕ ಕೂತ್ಕೊಂಡು ಬೋಲ್ಟು ಎತ್ತಿ ಎತ್ತಿ ಕೊಡ್ತಿದ್ದ ಅಮ್ಮ," ಎಂದ. "ಹೌದಪ್ಪ," ಎಂದೆ. ಕತ್ತಲಾಗುವ ಮೊದಲು ಹೊರಟುಹೋದ. ನೆಂಟರು ನನ್ನ ಮೇಲೆ ಸಿಟ್ಟು ಮಾಡಿಕೊಂಡರು, ಸಾಬರವನ ಪರ ನಿಂತಳು ಎಂದರು. ಅಂದುಕೊಳ್ಳಲಿ.

ಯಜಮಾನರು ಆಮೇಲೆ ಮರ ಕಡಿಯಲಿಲ್ಲ. ಒಂದು ಅಪಾರ್ಟ್‌ಮೆಂಟಿನಲ್ಲಿ ಗೇಟು ಕಾಯುವ ಕೆಲಸಕ್ಕೆ ಸೇರಿದರು. ಬದುಕಿದ್ದಷ್ಟು ದಿನವೂ ಎಲ್ಲಾದರೂ ಮರ ಕೊಯ್ಯುವ ಸದ್ದು ಕೇಳಿದರೆ ನಿಂತುಬಿಡುತ್ತಿದ್ದರು, ಊಟಕ್ಕೆ ಕೂತಿದ್ದರೆ ಅದು ನಿಲ್ಲುವ ತನಕ ಅನ್ನ ಕಲಸಿದ ಕೈ ಹಾಗೇ ತಟ್ಟೆಯಲ್ಲಿರುತ್ತಿತ್ತು. ಮೆಷಿನ್ನು ಸ್ಟೇಷನ್ನಿನಿಂದ ವಾಪಸ್ಸು ಕೊಡುತ್ತೇವೆ ಎಂದು ಹೇಳಿ ಕಳಿಸಿದ್ದರು. ನಾವು ಹೋಗಿ ತರಲಿಲ್ಲ.

ಮಣ್ಣು ಮಾಡಿದ ಮಾರನೇ ಬೆಳಗ್ಗೆ ನಾನು ಎದ್ದು ಒಲೆ ಹಚ್ಚಿ ಮಗಳಿಗೆ, ಇವರಿಗೆ ಕಾಫಿ ಕೊಟ್ಟು, ಇಂದಿರಾನಗರಕ್ಕೆ ಹೊರಟೆ. ನಮ್ಮ ಮಚ್ಚು, ಕೊಡಲಿ, ಬುತ್ತಿಪಾತ್ರೆ ಎಲ್ಲ ಆ ಕಾಂಪೌಂಡಿನಲ್ಲೇ ಉಳಿದಿದ್ದವು. ತಮ್ಮನ ಚಪ್ಪಲಿಯೂ ಸೈಟಿನಲ್ಲಿತ್ತು. ಸೂತಕದಲ್ಲಿ ಇನ್ನೊಬ್ಬರ ಮನೆ ಬಾಗಿಲಿಗೆ ಹೋಗಬಾರದು ಎಂದು ಮಗಳು ತಡೆದಳು. ನಾನು ಅವರ ಮನೆಯೊಳಗೆ ಹೋಗುವುದಿಲ್ಲ, ಹಿತ್ತಲಿಗೆ ಹೋಗುತ್ತೇನೆ ಎಂದೆ. ಯಜಮಾನರು ಗೋಡೆ ಕಡೆ ತಿರುಗಿ ಮಲಗಿದ್ದರು, ನಿದ್ದೆ ಮಾಡಿರಲಿಲ್ಲ.

ಆ ಮನೆಯ ಅಮ್ಮ ಗೇಟಿನಲ್ಲೇ ಇದ್ದರು. ವಯಸ್ಸಾದವರು. ನನ್ನನ್ನು ನೋಡಿ ಗಾಬರಿಯಾದರು.

"ಇವತ್ತ್ಯಾಕೆ ಬಂದ್ರಿ? ನಾನೇ ಕಳಿಸ್ತಿದ್ದೆ."

"ಸಾಮಾನಿದೆ ಅಮ್ಮ, ತಗೊಂಡ್ ಹೋಗ್ತೀನಿ."

ಹಿತ್ತಲಲ್ಲಿ ಬೇರೆ ಕೆಲಸದವರು ಬಂದಿದ್ದರು. ಹಲಸೂರಿನವರು, ತಮಿಳು ಮಾತಾಡಿಕೊಳ್ಳುತ್ತಿದ್ದರು. ಮರದ ಬುಡದ ಕಡೆಯ ದಿಮ್ಮಿ ಗೋಡೆಯ ಮೇಲೆ ಒರಗಿ ನಿಂತಿತ್ತು, ಅರ್ಧ ಈ ಕಡೆ, ಅರ್ಧ ಆ ಕಡೆ. ಅದನ್ನು ಕೊಯ್ದು ಸೈಟಿಗೆ ಎಳೆದು ಉರುಳಿಸಬೇಕಿತ್ತು. ಒಬ್ಬ ಹೊಸ ಮೆಷಿನ್ನು ಹಿಡಿದು ಈ ಕಡೆ ನಿಂತಿದ್ದ. ದಿಮ್ಮಿಗೆ ಕಟ್ಟಿದ ಹಗ್ಗ ಗೋಡೆಯ ಆ ಕಡೆಗೆ ಹೋಗಿತ್ತು. ನಾನು ಮಚ್ಚು, ಕೊಡಲಿ ಎತ್ತಿ ಸೆರಗಿನಲ್ಲಿ ಒರೆಸಿ ಒಂದು ಕಡೆ ಇಟ್ಟೆ. ಮೆಷಿನ್ನಿನವನು ದಾರ ಎಳೆಯಲು ಬಗ್ಗಿದ.

"ಆ ಕಡೆ ಹಗ್ಗ ಯಾರ ಕೈಲಿದೆ?" ಎಂದೆ.

"ನಮ್ ಮಚ್ಚಾನ್ ಅಮ್ಮ, ನನ್ ಹೆಂಡ್ತಿ ತಮ್ಮ. ನೀವು ದೂರ ಹೋಗಿ."

"ಅವನು ನಿನಗೆ ಕಾಣ್ತಾನಾ?"

"ಕೂಗ್ತೀನಿ ಅಮ್ಮ."

"ಅದು ಓಡುವಾಗ ಕೇಳುತ್ತಾ?"

ಅವನು ಮನೆಯ ಅಮ್ಮನ ಮುಖ ನೋಡಿದ. ಅವರು ಅವನ ಕಿವಿಯಲ್ಲಿ ಏನೋ ಹೇಳಿದರು. ಅವನು ಮೆಷಿನ್ನು ನೆಲಕ್ಕಿಟ್ಟು ತಲೆಗೆ ಕಟ್ಟಿದ್ದ ಟವಲ್ಲು ಬಿಚ್ಚಿದ.

ಆ ಅಮ್ಮನ ಹತ್ತಿರ ಒಂದು ಸ್ಟೂಲು ಕೇಳಿದೆ. ಅದನ್ನು ದಿಮ್ಮಿಯಿಂದ ದೂರ, ಗೋಡೆಯ ತುದಿಗೆ ಹಾಕಿಕೊಂಡು ಹತ್ತಿ ನಿಂತೆ. ಅಲ್ಲಿಂದ ಇಬ್ಬರೂ ಕಾಣುತ್ತಿದ್ದರು. ಆ ಕಡೆ ಇದ್ದವನು ಹಗ್ಗವನ್ನು ಸೊಂಟಕ್ಕೆ ಸುತ್ತಿಕೊಂಡಿದ್ದ. ಅವನ ಕಾಲ ಹತ್ತಿರವೇ ನನ್ನ ತಮ್ಮನ ಚಪ್ಪಲಿಗಳು ಜೋಡಿಯಾಗಿ ಇದ್ದವು.

"ಸೊಂಟದಿಂದ ಬಿಚ್ಚು," ಎಂದೆ. "ಕೈಯಲ್ಲಿ ಹಿಡ್ಕೊ. ನನ್ನೇ ನೋಡ್ತಿರು. ನಾನ್ ಕೈ ಇಳಿಸಿದ್ ತಕ್ಷಣ ಹಗ್ಗ ಬಿಟ್ಟು ಆ ಮೂಲೆಗೆ ಹೋಗ್ಬೇಕು."

ಅವನು ಒಂದು ಸುತ್ತು ಬಿಚ್ಚಿದ, ಇನ್ನೊಂದನ್ನೂ ಬಿಚ್ಚಿದ. ಹಗ್ಗವನ್ನು ಎರಡು ಕೈಯಲ್ಲಿ ಹಿಡಿದುಕೊಂಡು ನನ್ನ ಕಡೆ ನೋಡಿದ. ಅವನು ಹೋಗಬೇಕಾದ ಮೂಲೆಯಲ್ಲಿ ಏನೂ ಅಡ್ಡವಿಲ್ಲ ಎಂದು ನೋ‌ಡಿಕೊಂಡೆ. ಈ ಕಡೆಯವನಿಗೆ ಶುರು ಮಾಡು ಎಂದು ಹೇಳಿ ಕೈ ಎತ್ತಿದೆ.